‘ಸರ್ವಮಾನ್ಯ’ ಎಂದರೆ ಎಲ್ಲರೂ ಮಾನ್ಯ ಮಾಡಿದವರೇ, ಅಥವಾ ಬೇರೆ ಅರ್ಥ ಇದೆಯೇ?

ಗದ್ದೆಬದಿ (ಸೋಮವಾರಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ಒಂದು ಪದದ ಅರ್ಥ ಬೇಕಾಗಿದೆ, ಸ್ವಲ್ಪ ತುರ್ತಾಗಿಯೇ.

ನಮ್ಮ ದೊಡ್ಡಪ್ಪನ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಕಾಗದವೊಂದು ಸಿಕ್ಕಿದೆ. ಮೂಲವಲ್ಲ, ಯಾವುದೋ ಕಾಲದಲ್ಲಿ ಶಾನುಭೋಗರು ಎತ್ತಿ ಬರೆದ ನಕಲು. ಅರ್ಧವನ್ನು ಗೆದ್ದಲು ತಿಂದಿದೆ, ಉಳಿದರ್ಧಕ್ಕೆ ಮಳೆಗಾಲದ ತೇವ ಹಿಡಿದಿದೆ. ಓದಲು ಸಿಗುವುದು ಇಷ್ಟು: ನಮ್ಮ ಪೂರ್ವಿಕರೊಬ್ಬರ ಹೆಸರು, ನಡುವೆ ಒಂದು ತೂತು, ಆಮೇಲೆ ‘ಸರ್ವಮಾನ್ಯವಾಗಿ’, ಮತ್ತೊಂದು ತೂತು, ಆಮೇಲೆ ‘ಆಚಂದ್ರಾರ್ಕ’, ಅಂದರೆ ಸೂರ್ಯಚಂದ್ರರು ಇರುವ ತನಕ.

ಇದನ್ನು ಓದಿದಂದಿನಿಂದ ದೊಡ್ಡಪ್ಪನ ನಡಿಗೆಯೇ ಬದಲಾಗಿದೆ. ‘ನೋಡಿದೆಯಾ ಮಗಳೇ, ನಮ್ಮ ಅಜ್ಜಂದಿರು ಸರ್ವಮಾನ್ಯರು. ನಾವು ಹೇಳಿಕೊಂಡದ್ದಲ್ಲ, ಅರಸರೇ ಬರೆದುಕೊಟ್ಟದ್ದು’ ಎನ್ನುತ್ತಾರೆ. ಡಿಸೆಂಬರಿನಲ್ಲಿ ಕುಟುಂಬದವರೆಲ್ಲ ಐನ್‌ಮನೆಯಲ್ಲಿ (ನಮ್ಮ ಮೂಲಮನೆ) ಸೇರುವವರಿದ್ದೇವೆ. ಅಷ್ಟರೊಳಗೆ ಬಾಗಿಲ ಪಕ್ಕದಲ್ಲಿ ಗ್ರಾನೈಟ್ ಫಲಕ ಹಾಕಿಸಿ, ಹೆಸರಿನ ಹಿಂದೆ ‘ಸರ್ವಮಾನ್ಯ’ ಎಂದು ಕೆತ್ತಿಸಬೇಕೆಂಬುದು ಅವರ ಹಟ. ಕೆತ್ತುವವರು ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಒತ್ತಕ್ಷರಕ್ಕೆ ಬೇರೆ ದರವಂತೆ.

ನನಗೆ ಅನುಮಾನ ಬಂದಿರುವುದು ಆ ‘ಆಗಿ’ಯಲ್ಲಿ. ಮನುಷ್ಯನ ಗುಣವನ್ನು ಹೇಳುವುದಾದರೆ ‘ಸರ್ವಮಾನ್ಯರಾದ’ ಎಂದಿರಬೇಕಿತ್ತಲ್ಲವೇ? ‘ಸರ್ವಮಾನ್ಯವಾಗಿ’ ಏಕೆ?

ಕಾಳುಮೆಣಸು (ಸಿದ್ದಾಪುರ)

ಅಕ್ಕ, ನಿಮ್ಮ ದೊಡ್ಡಪ್ಪನಿಗೆ ಮೊದಲ ಅಭಿನಂದನೆ ನನ್ನದು. ನಮ್ಮ ಮನೆಯಲ್ಲಿಯೂ ಪೆಟ್ಟಿಗೆ ಹುಡುಕಿದ್ದೆವು, ಸಿಕ್ಕಿದ್ದು ತೀರಿಸದ ಸಾಲದ ಪತ್ರ.

ಪದದ ಬಗ್ಗೆ ನನ್ನ ಊಹೆ: ಮಾನ ಎಂದರೆ ಅಳತೆ. ತೂಕಮಾನ, ಉಷ್ಣಮಾನ ಎನ್ನುವುದಿಲ್ಲವೇ. ಹಾಗಾಗಿ ಸರ್ವಮಾನ್ಯ ಎಂದರೆ ಪೂರ್ತಿ ಅಳತೆಯಾದ ಜಮೀನು. ಬೇಕಾದರೆ ‘ಸರ್ವೆ ಮಾನ್ಯ’ ಎಂದೇ ಓದಿಕೊಳ್ಳಿ. ಸರ್ವೆ ನಂಬರ್ ಹಾಕಿ ಮಾನ್ಯ ಮಾಡಿದ್ದಾರೆ. ಮುಗಿಯಿತು.

ಕಪ್ಪುಹಲಗೆ (ವಿರಾಜಪೇಟೆ, ನಿವೃತ್ತ ಕನ್ನಡ ಶಿಕ್ಷಕ)

ಕಾಳುಮೆಣಸು ಅವರೇ, ಮುಗಿಯಲಿಲ್ಲ. ‘ಸರ್ವೆ’ ಇಂಗ್ಲಿಷಿನವರ ಜೊತೆ ಬಂದ ಪದ. ‘ಸರ್ವಮಾನ್ಯ’ ವಿಜಯನಗರದ ಅರಸರ ಶಾಸನಗಳಲ್ಲಿಯೇ ಇದೆ. ಮೊಮ್ಮಗ ಅಜ್ಜನಿಗೆ ಹೆಸರಿಟ್ಟಂತಾಯಿತು ನಿಮ್ಮ ವ್ಯುತ್ಪತ್ತಿ.

ಸಂಸ್ಕೃತದಲ್ಲಿ ಎರಡು ಬೇರೆ ಬೇರೆ ಧಾತುಗಳಿವೆ. ‘ಮಾ’ ಎಂದರೆ ಅಳೆಯುವುದು. ಅದರಿಂದ ಮಾನದಂಡ, ಪ್ರಮಾಣ, ಪರಿಮಾಣ. ‘ಮನ್’ ಎಂದರೆ ಬಗೆಯುವುದು, ನೆನೆಯುವುದು. ಅದರಿಂದ ಮನಸ್ಸು, ಮತ, ಮಂತ್ರ, ಸಮ್ಮತ, ಅನುಮತಿ. ಮರ್ಯಾದೆ ಎನ್ನುವ ಅರ್ಥದ ಮಾನ, ಸನ್ಮಾನ, ಮಾನ್ಯ ಇವೆಲ್ಲ ಈ ಎರಡನೆಯ ಬಳಗ. ಒಬ್ಬನನ್ನು ಮನಸ್ಸಿಗೆ ತಂದುಕೊಳ್ಳುವುದೇ ಅವನನ್ನು ಗೌರವಿಸುವುದರ ಮೊದಲ ಹೆಜ್ಜೆ ಎಂದು ಆ ಭಾಷೆಯನ್ನು ಆಡಿದವರಿಗೆ ತೋರಿರಬೇಕು. ಕೊನೆಯ ‘ಯ’ ಪ್ರತ್ಯಯ ಯೋಗ್ಯತೆಯನ್ನು ಹೇಳುತ್ತದೆ. ಪೂಜ್ಯ ಎಂದರೆ ಪೂಜೆಗೆ ತಕ್ಕವನು, ಗಣ್ಯ ಎಂದರೆ ಎಣಿಕೆಗೆ ತಕ್ಕವನು, ಮಾನ್ಯ ಎಂದರೆ ಮಾನಕ್ಕೆ ತಕ್ಕವನು. ಮಾನ ಸಿಕ್ಕಿದೆಯೋ ಇಲ್ಲವೋ ಅದು ಬೇರೆ ಮಾತು, ಸಿಗಬೇಕಾದವನು ಎಂದಷ್ಟೇ. ಸಿಕ್ಕಿದವನಿಗೆ ‘ಸನ್ಮಾನಿತ’ ಎನ್ನುತ್ತೇವೆ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು.

ಇಂದಿನ ಬಳಕೆಯಲ್ಲಿ ಸರ್ವಮಾನ್ಯ ಎಂದರೆ ಸರ್ವರಿಂದ ಮಾನ್ಯ, ತೃತೀಯಾ ತತ್ಪುರುಷ. ‘ಸರ್ವಮಾನ್ಯ ನಾಯಕ’, ‘ಸರ್ವಮಾನ್ಯ ಸೂತ್ರ’ ಎಂದು ಪತ್ರಿಕೆಗಳು ಬರೆಯುವುದು ಈ ಅರ್ಥದಲ್ಲಿಯೇ. ಆದರೆ ಗದ್ದೆಬದಿಯವರ ಅನುಮಾನ ಸರಿಯಾಗಿದೆ. ಆ ‘ಆಗಿ’ ಸುಮ್ಮನೆ ಬಂದದ್ದಲ್ಲ. ಕಾಗದದಲ್ಲಿ ಗದ್ದೆಯ ಸುದ್ದಿ ಇದೆಯೇ?

ಗದ್ದೆಬದಿ

ಇದೆ ಮೇಷ್ಟ್ರೇ. ಎರಡನೆಯ ತೂತಿನ ಅಂಚಿನಲ್ಲಿ ‘ಗದ್ದೆ’ ಎನ್ನುವಂತೆ ಕಾಣುತ್ತದೆ. ‘ದ್ದೆ’ ಮಾತ್ರ ಪೂರ್ತಿ ಇದೆ. ಅದು ‘ಮುದ್ದೆ’ಯೂ ಆಗಬಹುದು ಎನ್ನುತ್ತಾನೆ ನನ್ನ ತಮ್ಮ.

ಶಿರಸ್ತೇದಾರಜ್ಜ (ಮಡಿಕೇರಿ)

ಮೂವತ್ತೈದು ವರ್ಷ ಕಂದಾಯದ ಕಡತಗಳ ಧೂಳು ಕುಡಿದವನು ನಾನು. ಇಷ್ಟು ಹೊತ್ತು ಸುಮ್ಮನಿದ್ದದ್ದು ಇಲ್ಲಿ ಮಳೆಗೆ ಕರೆಂಟ್ ಹೋಗಿದ್ದರಿಂದ.

ಮಗಳೇ, ನಿಮ್ಮ ಕಾಗದದ ಸರ್ವಮಾನ್ಯಕ್ಕೂ ನಿಮ್ಮ ಪೂರ್ವಿಕರ ಗುಣಕ್ಕೂ ಸಂಬಂಧವಿಲ್ಲ. ಅದು ಜಮೀನಿನ ಗುಣ. ಸರ್ವಮಾನ್ಯ ಎಂದರೆ ಯಾವ ತೆರಿಗೆಯೂ ಇಲ್ಲದ ಭೂಮಿ. ಅರಸನಿಗೆ ಬರಬೇಕಾದ ಎಲ್ಲವನ್ನೂ ಬಿಟ್ಟುಕೊಟ್ಟು ದೇವಸ್ಥಾನಕ್ಕೋ ಮಠಕ್ಕೋ ಬ್ರಾಹ್ಮಣರಿಗೋ ಊಳಿಗದವರಿಗೋ ಹಾಕಿಕೊಟ್ಟದ್ದು. ಮೈಸೂರು ಸೀಮೆಯ ಇನಾಂ ಲೆಕ್ಕದಲ್ಲಿ ಸರ್ವಮಾನ್ಯ ಒಂದು ಬಾಬು, ಜೋಡಿ ಇನ್ನೊಂದು ಬಾಬು. ಸರ್ವಮಾನ್ಯಕ್ಕೆ ಏನೂ ಕಟ್ಟಬೇಕಾಗಿರಲಿಲ್ಲ, ಜೋಡಿ ಗ್ರಾಮಕ್ಕೆ ಹಗುರವಾದ ಒಂದು ಮೊತ್ತ ಇತ್ತು. 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳು ಬಂದ ಮೇಲೆ ಆ ಜಗತ್ತೇ ಮುಗಿಯಿತು. ಆಗ ನಾವು ಮೈಸೂರಿನಲ್ಲಿ ಇರಲಿಲ್ಲ, ಕೊಡಗು ಬೇರೆಯೇ ರಾಜ್ಯವಾಗಿತ್ತು. ಸೇರಿದ್ದು 1956ರ ನವೆಂಬರ್ 1ಕ್ಕೆ.

ನಮ್ಮಲ್ಲಿ ಜನರ ಬಾಯಲ್ಲಿ ಇದ್ದದ್ದು ಬೇರೆ ಪದಗಳು: ಜಮ್ಮಾ, ಸಾಗು, ಉಂಬಳಿ, ಜೋಡಿ. ಜಮ್ಮಾ ಎಂದರೆ ಜನ್ಮದಿಂದ ಬಂದದ್ದು. ಹಳೆಯ ದರದಲ್ಲಿ ಸಾಗು ಗದ್ದೆಗೆ ನೂರು ಭಟ್ಟಿಗೆ (ಭಟ್ಟಿ ಎಂದರೆ ಗದ್ದೆಯ ಹಳೆಯ ಅಳತೆ) 10 ರೂಪಾಯಿ ಕಂದಾಯವಾದರೆ ಜಮ್ಮಾ ಗದ್ದೆಗೆ 5. ಅರ್ಧವನ್ನು ಬಿಟ್ಟದ್ದು ಅರಸನ ಊಳಿಗಕ್ಕೆ ಪ್ರತಿಯಾಗಿ. ಉಂಬಳಿಯೂ ಸೇವೆಗೆ ಕೊಟ್ಟದ್ದೇ, ಅದರಲ್ಲಿ ‘ಉಣ್’ ಇರುವುದು ಕಾಣುತ್ತದೆ. ಉಂಡು ಬದುಕು, ಕೆಲಸ ಮಾಡು ಎಂದು. ನಿಮ್ಮ ಕಡೆ, ಏಳುಸಾವಿರ ಸೀಮೆಯ ಅಂಚಿನಲ್ಲಿ, ಮೈಸೂರು ಸೀಮೆಯ ಬರವಣಿಗೆಯ ರೂಢಿ ನುಸುಳಿದ್ದರೆ ಆಶ್ಚರ್ಯವಿಲ್ಲ. ಗಡಿ ದಾಟುವುದಕ್ಕೆ ಶಾನುಭೋಗರ ಲೇಖನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಫಲಕಕ್ಕೆ ಮುಂಗಡ ಕೊಟ್ಟಿಲ್ಲ ತಾನೇ?

ಗದ್ದೆಬದಿ

ಕೊಟ್ಟಾಗಿದೆ ಅಜ್ಜ.

ಕಾಳುಮೆಣಸು

ಹಾಗಾದರೆ ದೊಡ್ಡಪ್ಪ ಬಾಗಿಲಿನಲ್ಲಿ ‘ತೆರಿಗೆ ಕಟ್ಟದ ಗೌಡರ ಮನೆ’ ಎಂದು ಕಲ್ಲಿನಲ್ಲಿ ಕೆತ್ತಿಸುತ್ತಿದ್ದಾರೆ. ಪಂಚಾಯಿತಿಯವರು ಓದಿದರೆ ಮೊದಲು ನಿಮ್ಮ ಮನೆಗೇ ಬರುತ್ತಾರೆ.

ನಾಪೋಕ್ಲುಮಳೆ

ನನಗೆ ಒಂದು ವಿಷಯ ಅರ್ಥವಾಗಲಿಲ್ಲ. ಗೌರವ ಎನ್ನುವ ಪದ ತೆರಿಗೆ ವಿನಾಯಿತಿ ಆದದ್ದು ಹೇಗೆ? ಗೌರವಿಸಿದರೆ ಹಾರ ಹಾಕಬಹುದು. ಕಂದಾಯ ಏಕೆ ಬಿಡಬೇಕು?

ಕಪ್ಪುಹಲಗೆ

ಒಳ್ಳೆಯ ಪ್ರಶ್ನೆ, ಇದಕ್ಕೆ ಉತ್ತರ ನಮ್ಮ ಬಾಯಲ್ಲಿಯೇ ಇದೆ. ‘ಮನ್ನಿಸು’ ಎನ್ನುವ ಪದವನ್ನು ತೆಗೆದುಕೊಳ್ಳಿ. ಅದು ಇದೇ ಮಾನ್ಯದ ಬಳಗ. ಹಳಗನ್ನಡದಲ್ಲಿ ಮನ್ನಿಸು ಎಂದರೆ ಗೌರವಿಸು. ಅರಸನು ಕವಿಯನ್ನು ಮನ್ನಿಸಿದನು ಎಂದರೆ ಕವಿ ಏನೋ ತಪ್ಪು ಮಾಡಿದ್ದ ಎಂದಲ್ಲ. ಇಂದು ಮನ್ನಿಸು ಎಂದರೆ ಕ್ಷಮಿಸು. ‘ಮನ್ನಣೆ’ ಮಾತ್ರ ಹಳೆಯ ಅರ್ಥದಲ್ಲಿಯೇ ನಿಂತಿದೆ. ಒಂದೇ ಮನೆಯ ಇಬ್ಬರು, ಒಬ್ಬ ಊರು ಬಿಟ್ಟ, ಒಬ್ಬ ಬಿಡಲಿಲ್ಲ.

ನಡುವಿನ ಮೆಟ್ಟಿಲು ಏನೆಂದರೆ, ಒಬ್ಬನ ಮೇಲೆ ನನಗೆ ಹಕ್ಕಿದೆ, ಆದರೆ ಅವನ ಮೇಲಿನ ಗೌರವದಿಂದ ಆ ಹಕ್ಕನ್ನು ಚಲಾಯಿಸುವುದಿಲ್ಲ. ದಂಡಿಸುವ ಹಕ್ಕನ್ನು ಬಿಟ್ಟರೆ ಕ್ಷಮೆ. ವಸೂಲಿ ಮಾಡುವ ಹಕ್ಕನ್ನು ಬಿಟ್ಟರೆ ಮಾನ್ಯ. ಅರಸನ ಗೌರವ ಮಾತಿನಲ್ಲಿ ಉಳಿಯದೆ ಲೆಕ್ಕದ ಪುಸ್ತಕಕ್ಕೆ ಇಳಿಯುತ್ತಿತ್ತು. ಮೊದಲು ಮನುಷ್ಯ ಮಾನ್ಯ, ಆಮೇಲೆ ಅವನ ಭೂಮಿಯೂ ಮಾನ್ಯ, ಕೊನೆಗೆ ‘ಮಾನ್ಯ’ ಎಂದರೆ ಭೂಮಿಯೇ. ವಿಶೇಷಣವಾಗಿದ್ದದ್ದು ನಾಮಪದವಾಗಿ ಕುಳಿತಿತು.

ಹಾಗಾಗಿ ಶಾಸನದ ಸರ್ವಮಾನ್ಯವನ್ನು ‘ಸರ್ವರಿಂದ ಮಾನ್ಯ’ ಎಂದು ಬಿಡಿಸಬಾರದು. ಅಲ್ಲಿ ‘ಸರ್ವ’ ಎಂದರೆ ಜನರಲ್ಲ, ಪೂರ್ತಿ ಎಂದರ್ಥ. ಸರ್ವವೂ ಮಾನ್ಯ. ಇದಕ್ಕೆ ಸಾಕ್ಷಿ ಬೇಕಾದರೆ ‘ಅರ್ಧಮಾನ್ಯ’ ಎನ್ನುವ ಪದವೂ ದಾಖಲೆಗಳಲ್ಲಿದೆ: ಅರ್ಧ ತೆರಿಗೆ ಬಿಟ್ಟ ಭೂಮಿ. ಸರ್ವಮಾನ್ಯ ಎಂದರೆ ಎಲ್ಲರೂ ಗೌರವಿಸುವವನು ಎಂದಾದರೆ, ಅರ್ಧಮಾನ್ಯ ಎಂದರೆ ಊರಿನ ಅರ್ಧ ಜನ ಮಾತ್ರ ಗೌರವಿಸುವವನು ಎಂದಾಗಬೇಕು.

ಕಾಳುಮೆಣಸು

ಮೇಷ್ಟ್ರೇ, ಅಂಥವರನ್ನು ಚುನಾವಣೆಯಲ್ಲಿ ಗೆದ್ದವರು ಎನ್ನುತ್ತಾರೆ.

ದೂರದೂರು (ಕೊಯಮತ್ತೂರಿನಲ್ಲಿ ಕೆಲಸ, ಊರು ಗೋಣಿಕೊಪ್ಪ)

ಇಲ್ಲಿ ತಮಿಳಿನವರ ನಡುವೆ ಇರುವುದರಿಂದ ಒಂದು ಮಾತು ಸೇರಿಸುತ್ತೇನೆ. ಇವರು ಸರ್ಕಾರದ ಸಹಾಯಧನಕ್ಕೆ ‘ಮಾನಿಯಂ’ ಎನ್ನುತ್ತಾರೆ. ಗೊಬ್ಬರಕ್ಕೆ ಮಾನಿಯಂ, ಸ್ಕೂಟರಿಗೆ ಮಾನಿಯಂ, ಗ್ಯಾಸ್ ಸಿಲಿಂಡರಿಗೆ ಮಾನಿಯಂ. ವಿಶ್ವವಿದ್ಯಾಲಯ ಧನಸಹಾಯ ಆಯೋಗಕ್ಕೂ ‘ಮಾನಿಯಕ್ ಕುಳು’ ಎಂದೇ ಹೆಸರು. ಬಂದ ಹೊಸತರಲ್ಲಿ ನಾನು ಇದನ್ನು ‘ಮಾನ್ಯತೆ’ ಎಂದು ತಿಳಿದು, ಒಂದು ಅರ್ಜಿಯಲ್ಲಿ ತಪ್ಪು ಕಲಂ ತುಂಬಿ, ಗುಮಾಸ್ತರ ಕೈಯಲ್ಲಿ ಬೈಸಿಕೊಂಡಿದ್ದೆ. ಈಗ ತಿಳಿಯಿತು, ಎರಡೂ ಒಂದೇ ಬೇರು. ಅವರು ದುಡ್ಡಿನ ಕೊನೆಯನ್ನು ಹಿಡಿದರು, ನಾವು ಮರ್ಯಾದೆಯ ಕೊನೆಯನ್ನು.

ಶಿರಸ್ತೇದಾರಜ್ಜ

ನಾವು ಪೂರ್ತಿ ಮರ್ಯಾದೆಯ ಕೊನೆಯನ್ನೂ ಹಿಡಿಯಲಿಲ್ಲ, ಮೊಹರಿನ ಕೊನೆಯನ್ನು ಹಿಡಿದೆವು. ‘ಮಾನ್ಯತೆ ಪಡೆದ ಶಾಲೆ’ ಎಂದರೆ ಗೌರವಾನ್ವಿತ ಶಾಲೆ ಎಂದಲ್ಲ, ಇಲಾಖೆ ಒಪ್ಪಿ ಕಾಗದ ಕೊಟ್ಟ ಶಾಲೆ. ದುಡ್ಡು ಬೇಕಾದರೆ ‘ಅನುದಾನಿತ’ ಎನ್ನುವ ಇನ್ನೊಂದು ಪದ ಬೇಕು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ರದ್ದಾದಾಗ ಪತ್ರಿಕೆಗಳು ‘ಅಮಾನ್ಯ’ ಎಂದು ಬರೆದವು. ನೋಟಿಗೆ ಅವಮಾನವಾಯಿತು ಎಂದು ಯಾರಾದರೂ ತಿಳಿದುಕೊಂಡರೇ? ಚಲಾವಣೆ ನಿಂತಿತು ಎಂದಷ್ಟೇ. ಮಾನ್ಯ ಎಂದರೆ ನಡೆಯುತ್ತದೆ, ಅಮಾನ್ಯ ಎಂದರೆ ನಡೆಯುವುದಿಲ್ಲ. ಮೇಜಿನ ಮೇಲೆ ಬಿದ್ದ ಪದಗಳೆಲ್ಲ ಕೊನೆಗೆ ಹೀಗೆಯೇ ಆಗುತ್ತವೆ.

ಕಪ್ಪುಹಲಗೆ

ಇದೇ ಬಗೆಯ ಇನ್ನೂ ಎರಡು ಜೋಡುಪದಗಳು ನೆನಪಾದವು. ‘ರಾಜಮಾನ್ಯ’: ಮರಾಠಿಯವರು ಪತ್ರದ ಮೇಲೆ ‘ರಾ. ರಾ.’ ಎಂದು ಬರೆಯುತ್ತಿದ್ದರು, ರಾಜಮಾನ್ಯ ರಾಜಶ್ರೀ ಎಂದು ಅದರ ಬಿಡಿಸಿದ ರೂಪ. ಅರಸನ ಮುಖವನ್ನೇ ನೋಡದವನಿಗೂ ಅದು ಸಲ್ಲುತ್ತಿತ್ತು. ‘ಲೋಕಮಾನ್ಯ’: ಬಾಲಗಂಗಾಧರ ತಿಲಕರ ಹೆಸರಿಗೆ ಅಂಟಿಕೊಂಡದ್ದು. ಸರ್ಕಾರ 1908ರಲ್ಲಿ ಅವರನ್ನು ಆರು ವರ್ಷದ ಶಿಕ್ಷೆಗೆ ಮಂಡಾಲೆಗೆ ಕಳುಹಿಸಿತು. ರಾಜನು ಮಾನ್ಯ ಮಾಡದವನು ಲೋಕಕ್ಕೆ ಮಾನ್ಯ. ಆ ಬಿರುದಿನ ತೂಕವೆಲ್ಲ ಇರುವುದು ಹಳೆಯ ರಾಜಮಾನ್ಯದ ಎದುರು ಅದನ್ನು ಇಟ್ಟಾಗ. ಇವೆರಡನ್ನು ಬಿಡಿಸುವುದು ಸರಳ: ರಾಜನಿಂದ, ಲೋಕದಿಂದ. ನಮ್ಮ ಸರ್ವಮಾನ್ಯ ಮಾತ್ರ ಎರಡು ತಲೆಯ ಹಕ್ಕಿ.

ನಾಪೋಕ್ಲುಮಳೆ

ಎರಡು ತಲೆ ಎಂದಿರಲ್ಲ, ಅವೆರಡೂ ಎಲ್ಲಿಯಾದರೂ ಸೇರುವುದಿಲ್ಲವೇ ಎಂದು ಯೋಚಿಸುತ್ತಿದ್ದೇನೆ. ಅರಸ ತೆರಿಗೆ ಬಿಟ್ಟ ಎಂದು ಒಬ್ಬನೇ ಹೇಳಿದರೆ ಯಾರು ನಂಬುತ್ತಾರೆ? ಊರು ಒಪ್ಪಬೇಕಲ್ಲ. ನಮ್ಮ ಕೊಡವ ಮದುವೆಯಲ್ಲಿ ಹೆಣ್ಣಿಗೆ ಗಂಡಿನ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಹಕ್ಕು ಕೊಡುವಾಗ ‘ಅರುವ’ ಎದ್ದು ನಿಲ್ಲಬೇಕು. ಎರಡೂ ಕಡೆಯ ಅರುವರು ಸೇರಿದ ಜನರ ಎದುರು ಪ್ರಶ್ನೆ, ಉತ್ತರ ಆಡಿ, ಹರಳುಕಲ್ಲು ಕೊಟ್ಟು, ಸಂಬಂಧ ಒಪ್ಪಿಸುತ್ತಾರೆ. ಮುಂದೆ ಏನಾದರೂ ತಕರಾರು ಬಂದರೆ ನಾನು ಬಲ್ಲೆ ಎಂದು ಹೇಳಬೇಕಾದವನು ಅರುವ. ಕಾಗದವಿಲ್ಲ, ಮೊಹರಿಲ್ಲ. ಕೇಳಿದವರ ಕಿವಿಯೇ ದಾಖಲೆ.

ಶಿರಸ್ತೇದಾರಜ್ಜ

ಸರಿಯಾಗಿ ಹೇಳಿದಿರಿ ಅಮ್ಮಾ. ನೀವು ಹೇಳಿದ್ದಕ್ಕೆ ನಮ್ಮ ನೆಲದಲ್ಲಿಯೇ ಒಂದು ಕಲ್ಲು ಸಾಕ್ಷಿ ಇದೆ. ದಕ್ಷಿಣ ಕೊಡಗಿನ ಬಿಳಿಯೂರಿನ ಶಾಸನ, ಶಕ 809, ಅಂದರೆ ಕ್ರಿ.ಶ. 888. ಗಂಗರ ಸತ್ಯವಾಕ್ಯ ಪೆರ್ಮಾನಡಿ ಪಟ್ಟಕ್ಕೆ ಬಂದ ಹದಿನೆಂಟನೆಯ ವರ್ಷದಲ್ಲಿ ಒಂದು ಜಿನಾಲಯಕ್ಕೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಬಿಟ್ಟುಕೊಟ್ಟ. ಅಲ್ಲಿ ‘ಸರ್ವಮಾನ್ಯ’ ಇಲ್ಲ, ‘ಸರ್ವಪಾದ ಪರಿಹಾರ’ ಎಂದಿದೆ. ಅರ್ಥ ಅದೇ, ಎಲ್ಲ ತೆರಿಗೆಗಳಿಂದ ಬಿಡುಗಡೆ. ಅಷ್ಟಕ್ಕೆ ನಿಲ್ಲುವುದಿಲ್ಲ. ಇದಕ್ಕೆ ಸಾಕ್ಷಿ ಯಾರು ಯಾರು ಎಂದು ಪಟ್ಟಿ ಬರುತ್ತದೆ. ತೊಂಬತ್ತಾರು ಸಾವಿರದವರು (ಗಂಗವಾಡಿ ನಾಡಿನವರು), ಪೆದ್ದೊರೆಗರೆಯ ಎಪ್ಪತ್ತು ಮಂದಿ, ಎಂಟು ಒಕ್ಕಲು. ಪೆದ್ದೊರೆ ಎಂದರೆ ನಮ್ಮ ಲಕ್ಷ್ಮಣತೀರ್ಥ.

ಆ ‘ಎಂಟು ಒಕ್ಕಲು’ ಓದುವಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಗಂಗರು ಹೋದರು, ಆಮೇಲೆ ಬಂದವರೂ ಹೋದರು, ಕೊಡಗಿನ ಅರಸರಾದ ಹಾಲೇರಿಯವರು 1834ರಲ್ಲಿ ಹೋದರು. ಒಕ್ಕ, ಒಕ್ಕಲು ಎನ್ನುವ ಮಾತು ಮಾತ್ರ ಗದ್ದೆಯ ಬದಿಯಲ್ಲಿ ಹಾಗೆಯೇ ಇದೆ.

ಕಪ್ಪುಹಲಗೆ

ಅಜ್ಜ ಹೇಳಿದ ಮೇಲೆ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಸರ್ವನಮಸ್ಯ’ ಎಂದು ಬರುತ್ತದೆ. ಅದೂ ತೆರಿಗೆ ಇಲ್ಲದ ದತ್ತಿಯೇ. ನಮಸ್ಕಾರಕ್ಕೆ ತಕ್ಕದ್ದು, ಆದ್ದರಿಂದ ಕೈಯೊಡ್ಡಿ ಕೇಳಬಾರದ್ದು. ಪರಿಹಾರ, ನಮಸ್ಯ, ಮಾನ್ಯ: ಪದ ಬೇರೆ ಬೇರೆ, ಅಧಿಕಾರಿ ಮಾತ್ರ ಬೇಲಿಯ ಹೊರಗೆ. ವಿಜಯನಗರದ ತಾಮ್ರಪಟಗಳಲ್ಲಿ ಇದು ಶ್ಲೋಕವೇ ಆಗಿಬಿಟ್ಟಿದೆ: ‘ಸರ್ವಮಾನ್ಯಂ ಚತುಸ್ಸೀಮಾ…’ ಎಂದು ಶುರುವಾಗಿ, ನಿಧಿ, ನಿಕ್ಷೇಪ, ಪಾಷಾಣ, ಸಿದ್ಧ, ಸಾಧ್ಯ, ಜಲ ಎಂದು ನೆಲದ ಮೇಲಿನದು, ಕೆಳಗಿನದು, ಈಗಿರುವುದು, ಮುಂದೆ ಬರುವುದು ಎಲ್ಲವನ್ನೂ ಎಣಿಸುತ್ತದೆ. ಬರೆಯುವವರಿಗೆ ಬಾಯಿಪಾಠ ಇದ್ದಿರಬೇಕು. ಇಂದಿನ ಕ್ರಯಪತ್ರದಲ್ಲಿ ‘ಕಲ್ಲು, ಮರ, ಬಾವಿ, ದಾರಿ ಸಮೇತ’ ಎಂದು ಬರುವುದಿಲ್ಲವೇ, ಹಾಗೆ.

ಕೊನೆಯಲ್ಲಿ ಶಾಪವೂ ಇರುತ್ತದೆ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ದತ್ತಿಯ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ.

ಕಾಳುಮೆಣಸು

ಈಗಿನ ಒತ್ತುವರಿ ನೋಟಿಸಿನಲ್ಲಿ ಈ ಒಂದು ಸಾಲು ಸೇರಿಸಿದರೆ ಅರ್ಧ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ.

ನಿರ್ವಾಹಕ

ಒತ್ತುವರಿಯ ಚರ್ಚೆಗೆ ಬೇರೆ ಎಳೆ ಇದೆ. ದಯವಿಟ್ಟು ಇಲ್ಲಿ ಬೇಡ. ಕಳೆದ ಸಲ ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ.

ದೂರದೂರು

ಒಂದು ಸಣ್ಣ ಸಂಶಯ. ಸಭೆಯ ನಡಾವಳಿಯಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆಯುತ್ತೇವೆ. ಅಲ್ಲಿ ಸರ್ವಮಾನ್ಯ ಎಂದರೆ ತಪ್ಪೇ?

ಕಪ್ಪುಹಲಗೆ

ತಪ್ಪೆನ್ನಲಾಗದು, ತೂಕ ಬೇರೆ. ಸರ್ವಾನುಮತ ಎಂದರೆ ಆ ದಿನ ಆ ಕೋಣೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಊಟಕ್ಕೆ ಹೊತ್ತಾಗಿತ್ತು ಎಂಬ ಕಾರಣಕ್ಕೂ ಆಗಬಹುದು. ಸರ್ವಮಾನ್ಯಕ್ಕೆ ಕಾಲ ಹಿಡಿಯುತ್ತದೆ.

ಗದ್ದೆಬದಿ

ಮೂರು ದಿನ ಬರಲಾಗಲಿಲ್ಲ, ಕ್ಷಮಿಸಿ. ಮನ್ನಿಸಿ ಎನ್ನಬೇಕೇನೋ.

ನಿಮ್ಮ ಮಾತುಗಳನ್ನೆಲ್ಲ ದೊಡ್ಡಪ್ಪನಿಗೆ ಓದಿ ಹೇಳಿದೆ. ಮೊದಲು ಮುಖ ಸಪ್ಪೆಯಾಯಿತು. ‘ಅರ್ಧಮಾನ್ಯ’ದ ಹತ್ತಿರ ಬಂದಾಗ ನಕ್ಕರು. ಆಮೇಲೆ ತಾವೇ ಕಾಗದ ತಂದು, ಕಿಟಕಿಯ ಬೆಳಕಿಗೆ ಹಿಡಿದು, ನನ್ನ ತಮ್ಮನ ಮೊಬೈಲಿನಲ್ಲಿ ಫೋಟೋ ತೆಗೆಸಿ ದೊಡ್ಡದು ಮಾಡಿಸಿ ನೋಡಿದರು. ‘ದ್ದೆ’ ಗದ್ದೆಯೇ. ಗದ್ದೆ ನಮಗೆ ಕೊಟ್ಟದ್ದಲ್ಲ, ದೇವರಿಗೆ ಕೊಟ್ಟದ್ದು. ನಮ್ಮ ಪೂರ್ವಿಕರ ಹೆಸರಿನ ಮುಂದಿನ ತೂತಿನ ಈಚೆ ‘ನಂದಾದೀಪಕ್ಕೆ’ ಎಂದಿದೆ. ಕೆಳಗೆ, ನಾವು ಕಲೆ ಎಂದು ತಿಳಿದಿದ್ದ ಜಾಗದಲ್ಲಿ, ಒಂದು ಸಾಲು ಇದೆ: ‘ದಿನ ಒಂದಕ್ಕೆ ಎಣ್ಣೆ ಮಾನ ಒಂದು’.

ಅಂದರೆ ಗದ್ದೆ ಸರ್ವಮಾನ್ಯ, ದೀಪ ದೇವರದು, ಎಣ್ಣೆ ಹೊಯ್ಯುವ ಕೆಲಸ ನಮ್ಮದು. ಆ ಗದ್ದೆ ಯಾವುದು ಎಂದು ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ದೇವಸ್ಥಾನ ಇದೆ, ಗರ್ಭಗುಡಿಯಲ್ಲಿ ಬಲ್ಬ್ ಉರಿಯುತ್ತದೆ.

ಕಾಳುಮೆಣಸು

ಒಂದು ನಿಮಿಷ! ‘ಎಣ್ಣೆ ಮಾನ ಒಂದು.’ ಮಾನ ಎಂದರೆ ಅಳತೆ ಎಂದು ಮೊದಲ ದಿನವೇ ಹೇಳಿದವನು ಯಾರು?

ಕಪ್ಪುಹಲಗೆ

ಒಪ್ಪಿದೆ. ಕಾಗದದಲ್ಲಿ ಅಳತೆಯ ಮಾನ ಇದೆ. ಅದು ಎಣ್ಣೆಯಲ್ಲಿದೆ, ಗದ್ದೆಯಲ್ಲಿಲ್ಲ. ಧಾತು ಬೇರೆಯೇ. ನಿಮಗೆ ಅರ್ಧ ಅಂಕ.

ಕಾಳುಮೆಣಸು

ಅರ್ಧಮಾನ್ಯ. ಸಾಕು, ಅಷ್ಟಾದರೂ ಸಿಕ್ಕಿತು.

ನಾಪೋಕ್ಲುಮಳೆ

ಗದ್ದೆಬದಿ, ಫಲಕದ ಕಥೆ ಏನಾಯಿತು?

ಗದ್ದೆಬದಿ

ಫಲಕದ ಕೆಲಸ ಅಲ್ಲಿಗೇ ನಿಂತಿತು. ಮುಂಗಡ ಹಿಂದಕ್ಕೆ ಕೊಡುವುದಿಲ್ಲವಂತೆ, ಅದೇ ಹಣಕ್ಕೆ ಬೇರೆ ಏನಾದರೂ ಕೆತ್ತಿಕೊಡುತ್ತಾರಂತೆ. ದೊಡ್ಡಪ್ಪನ ಚಿಂತೆ ಈಗ ಅದಲ್ಲ. ಶಿರಸ್ತೇದಾರಜ್ಜನನ್ನು ಕೇಳು ಎಂದು ಎರಡು ಸಲ ಹೇಳಿ ಕಳುಹಿಸಿದ್ದಾರೆ. ಮಾನ ಒಂದಕ್ಕೆ ಈಗಿನ ಲೆಕ್ಕದಲ್ಲಿ ಎಣ್ಣೆ ಎಷ್ಟಾಗುತ್ತದೆ, ಮತ್ತು ಬಾಕಿಯನ್ನು ಯಾವ ವರ್ಷದಿಂದ ಹಿಡಿಯಬೇಕು?

ಶಿರಸ್ತೇದಾರಜ್ಜ

ಮಾನ ಸೀಮೆಯಿಂದ ಸೀಮೆಗೆ ಬೇರೆ. ದೇವಸ್ಥಾನದ ಉಗ್ರಾಣದಲ್ಲಿ ಹಳೆಯ ಅಳತೆಯ ಪಾತ್ರೆ ಏನಾದರೂ ಬಿದ್ದಿದೆಯೇ ಎಂದು ಮೊದಲು ಕೇಳಿಸಿ. ಹಿತ್ತಾಳೆಯದೋ ಬಿದಿರಿನದೋ ಇರಬಹುದು. ಬಾಕಿಯ ವಿಷಯಕ್ಕೆ ದೊಡ್ಡಪ್ಪನನ್ನೇ ನನ್ನ ಹತ್ತಿರ ಕಳುಹಿಸಿ. ಭಾನುವಾರ ಮನೆಯಲ್ಲಿರುತ್ತೇನೆ. ಕಾಗದವನ್ನು ಮಡಿಸದೆ ತರಲಿ.